ಇಂಕ್ ಖಾಲಿಯಾದಾಗ: ಹೊಸ ಕಾರ್ಟ್ರಿಜ್ಜೋ, ರೀಫಿಲ್ಲೋ, ಟ್ಯಾಂಕ್ ಪ್ರಿಂಟರೋ?

ಕಳೆದ ತಿಂಗಳು ದಾವಣಗೆರೆಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಪ್ರಿಂಟರ್ ಇಂಕ್ ಖಾಲಿ ಆಗಿದೆ. ಒರಿಜಿನಲ್ ಕಾರ್ಟ್ರಿಜ್ ಒಂಬೈನೂರು ಅಂತಾರೆ. ಲೋಕಲ್ ಆದ್ರೆ ಅರ್ಧ ಬೆಲೆ. ರೀಫಿಲ್ ಮಾಡಿಸಿದ್ರೆ ಇನ್ನೂರು. ಪಕ್ಕದ ಮನೆಯವರು ಅದೆಲ್ಲ ಯಾಕೆ, ಟ್ಯಾಂಕ್ ಪ್ರಿಂಟರ್ ತಗೊಂಡ್ಬಿಡಿ ಅಂತಾರೆ. ನಾನೇನು ಮಾಡ್ಲಿ?"

ನಾನು ಕೇಳಿದ್ದು ಒಂದೇ ಪ್ರಶ್ನೆ. ತಿಂಗಳಿಗೆ ಎಷ್ಟು ಪುಟ ಪ್ರಿಂಟ್ ತೆಗೀತೀಯ? ಅವಳಿಗೆ ಗೊತ್ತಿರಲಿಲ್ಲ. ಹೀಗೆ ಕೇಳಿಕೊಂಡು ಬರುವ ಬಹುಪಾಲು ಜನಕ್ಕೂ ಗೊತ್ತಿರುವುದಿಲ್ಲ. ಬೆಲೆ ಮಾತ್ರ ಎಲ್ಲರಿಗೂ ಬಾಯಿಪಾಠ. ಆದರೆ ಯಾವುದು ಅಗ್ಗ, ಯಾವುದು ದುಬಾರಿ ಅನ್ನುವುದು ತೀರ್ಮಾನ ಆಗುವುದೇ ಆ ಪುಟದ ಲೆಕ್ಕದಲ್ಲಿ.

ಅಂಗಡಿಗೆ ಹೋಗುವ ಮೊದಲು

ಪುಟ ಎಣಿಸುವುದು ಕಷ್ಟವೇನಲ್ಲ. ಎ4 ಹಾಳೆಯ ಒಂದು ರೀಮ್‌ನಲ್ಲಿ 500 ಹಾಳೆ ಇರುತ್ತದೆ. ಕೊನೆಯ ರೀಮ್ ಯಾವಾಗ ತಂದಿರಿ, ಈಗ ಎಷ್ಟು ಉಳಿದಿದೆ ನೋಡಿ. ಒಂದು ರೀಮ್ ಒಂದು ವರ್ಷ ಬಂತು ಅಂದರೆ ತಿಂಗಳಿಗೆ ಸುಮಾರು 40 ಪುಟ. ಮೂರು ತಿಂಗಳಿಗೆ ಮುಗಿಯಿತು ಅಂದರೆ 160ರ ಮೇಲೆ. ಇವೆರಡೂ ಬೇರೆ ಬೇರೆ ಮನೆ. ಅವರಿಗೆ ಒಂದೇ ಸಲಹೆ ಹೊಂದುವುದಿಲ್ಲ.

ಎರಡನೆಯದು, ಒಂದು ಪ್ರಿಂಟ್‌ಗೂ ಇನ್ನೊಂದು ಪ್ರಿಂಟ್‌ಗೂ ನಡುವೆ ಎಷ್ಟು ದಿನ ಬಿಡುತ್ತೀರಿ? ಇದನ್ನು ಯಾರೂ ಕೇಳುವುದಿಲ್ಲ. ಆದರೆ ಮನೆಯ ಪ್ರಿಂಟರ್ ಕೆಡುವುದು ಹೆಚ್ಚಾಗಿ ಬಳಸಿ ಅಲ್ಲ, ಬಳಸದೆ. ಇಂಕ್ ಅಂದರೆ ನೀರಿನಂಥ ಪದಾರ್ಥ. ಅದು ಹೊರಬರುವ ತೂತುಗಳು ಕೂದಲಿಗಿಂತ ಸಣ್ಣವು. ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಒಣಗಿ ಕಟ್ಟಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಇನ್ನೂ ಬೇಗ.

ಮೂರನೆಯದು, ಏನನ್ನು ಪ್ರಿಂಟ್ ತೆಗೆಯುತ್ತೀರಿ? ಬರೀ ಅಕ್ಷರವೋ, ಮಕ್ಕಳ ಪ್ರಾಜೆಕ್ಟಿನ ಬಣ್ಣದ ಚಿತ್ರವೋ, ಎಲ್ಲೆಲ್ಲೋ ಕೊಡಬೇಕಾದ ಅರ್ಜಿ, ದಾಖಲೆಯೋ? ಮಳೆಗಾಲದಲ್ಲಿ ಹಿಡಿದುಕೊಂಡು ಓಡಾಡುವ ಕಾಗದವಾದರೆ ನೀರು ಬಿದ್ದರೂ ಅಕ್ಷರ ನಿಲ್ಲಬೇಕು, ಅಲ್ವಾ?

ನಾಲ್ಕನೆಯದು ಸ್ವಲ್ಪ ಒಳಗಿನ ವಿಷಯ. ಇದು ಗೊತ್ತಿದ್ದರೆ ಅಂಗಡಿಯವರ ಅರ್ಧ ಮಾತು ತಾನಾಗಿ ಅರ್ಥವಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಹೆಡ್ ಎಲ್ಲಿದೆ?

ಇಂಕ್ ಉಗುಳುವ ಭಾಗಕ್ಕೆ ಪ್ರಿಂಟ್ ಹೆಡ್ ಅನ್ನುತ್ತಾರೆ. ಎಚ್‌ಪಿ ಮತ್ತು ಕ್ಯಾನನ್‌ನ ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಎರಡು ಕಾರ್ಟ್ರಿಜ್ ಇರುತ್ತವೆ, ಒಂದು ಕಪ್ಪು, ಒಂದು ಮೂರು ಬಣ್ಣದ್ದು. ಇವುಗಳಲ್ಲಿ ಹೆಡ್ ಇರುವುದು ಕಾರ್ಟ್ರಿಜ್‌ನ ಹೊಟ್ಟೆಯಡಿಯಲ್ಲೇ. ಕಾರ್ಟ್ರಿಜ್ ತೆಗೆದು ತಿರುಗಿಸಿ ನೋಡಿದರೆ ಒಂದು ಪುಟ್ಟ ಪಟ್ಟಿ ಕಾಣುತ್ತದೆ. ಅದೇ ಹೆಡ್. ಅದರೊಳಗೆ ಸಣ್ಣ ಸಣ್ಣ ಹೀಟರ್‌ಗಳಿರುತ್ತವೆ. ಅವು ಕ್ಷಣಮಾತ್ರದಲ್ಲಿ ಇಂಕನ್ನು ಕಾಯಿಸಿ ಗುಳ್ಳೆ ಎಬ್ಬಿಸುತ್ತವೆ. ಆ ಗುಳ್ಳೆ ಒಂದು ಹನಿಯನ್ನು ಕಾಗದದ ಮೇಲೆ ತಳ್ಳುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಹೊಸ ಕಾರ್ಟ್ರಿಜ್ ಹಾಕಿದಿರಿ ಅಂದರೆ ಹೊಸ ಹೆಡ್ಡೂ ಬಂತು. ಒಣಗಿ ಕೆಟ್ಟರೂ ಪ್ರಿಂಟರ್‌ಗೆ ಅಪಾಯವಿಲ್ಲ, ಕಾರ್ಟ್ರಿಜ್ ಬದಲಿಸಿದರೆ ಆಯಿತು. ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಎರಡು, ಆ ಹೀಟರ್ ತಣ್ಣಗಿರಬೇಕಾದರೆ ಇಂಕ್ ಹರಿಯುತ್ತಲೇ ಇರಬೇಕು. ಪೂರ್ತಿ ಖಾಲಿಯಾದ ಮೇಲೂ ಪ್ರಿಂಟ್ ಕೊಡುತ್ತಾ ಹೋದರೆ ಹೆಡ್ ಸುಟ್ಟುಹೋಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಇಂಕ್ ತುಂಬಿಸಿದರೂ ಅದು ಏಳುವುದಿಲ್ಲ.

ಎಪ್ಸನ್ ಪ್ರಿಂಟರ್‌ಗಳ ಕಥೆ ಬೇರೆ. ಅಲ್ಲಿ ಕಾಯಿಸುವುದಿಲ್ಲ. ಕರೆಂಟ್ ಕೊಟ್ಟರೆ ಬಾಗುವ ಒಂದು ತೆಳು ಪದರ ಹನಿಯನ್ನು ತಳ್ಳುತ್ತದೆ. ಹೆಡ್ ಪ್ರಿಂಟರ್ ಒಳಗೇ ಕಾಯಂ ಆಗಿ ಕೂತಿರುತ್ತದೆ. ಬಹಳ ವರ್ಷ ಬಾಳುತ್ತದೆ. ಆದರೆ ಒಣಗಿ ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಿಸಿದಷ್ಟು ಸುಲಭವಲ್ಲ, ಸರ್ವಿಸ್‌ಗೆ ಒಯ್ಯಬೇಕು, ಖರ್ಚೂ ದೊಡ್ಡದು.

ಒರಿಜಿನಲ್ ಕಾರ್ಟ್ರಿಜ್

ತಲೆನೋವಿಲ್ಲದ ದಾರಿ ಇದು. ಹಾಕಿದ ತಕ್ಷಣ ನಡೆಯುತ್ತದೆ, ಸೋರುವುದಿಲ್ಲ, ಬಣ್ಣ ಸರಿಯಾಗಿ ಬರುತ್ತದೆ. ಆದರೆ ಡಬ್ಬದ ಮೇಲಿನ ಬೆಲೆ ನೋಡಿ ಹೋಲಿಸಬೇಡಿ. ಆ ಬೆಲೆಯನ್ನು ಪುಟದ ಸಂಖ್ಯೆಯಿಂದ ಭಾಗಿಸಿ.

ಕ್ಯಾನನ್‌ನ ಪಿಜಿ-745 ಕಪ್ಪು ಕಾರ್ಟ್ರಿಜ್‌ಗೆ ಕಂಪನಿ ಹೇಳುವುದು 180 ಪುಟ. ನಮ್ಮ ಲೆಕ್ಕಕ್ಕೆ 900 ರೂ. ಅಂತ ಇಟ್ಟುಕೊಂಡರೆ ಪುಟಕ್ಕೆ 5 ರೂಪಾಯಿ. ಎಚ್‌ಪಿ 680 ಕಪ್ಪಿಗೆ 480 ಪುಟ. ಅದಕ್ಕೆ ಸಾವಿರ ಕೊಟ್ಟರೂ ಪುಟಕ್ಕೆ 2 ರೂಪಾಯಿ ಚಿಲ್ಲರೆ. ಕಪಾಟಿನಲ್ಲಿ ಅಕ್ಕಪಕ್ಕ ಇದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಯಾವ ಕಾರ್ಟ್ರಿಜ್ ಅನ್ನುವುದನ್ನು ನಿಮ್ಮ ಪ್ರಿಂಟರ್ ತೀರ್ಮಾನಿಸುತ್ತದೆ, ನಿಜ. ಹಾಗಾಗಿಯೇ ಮುಂದೆ ಪ್ರಿಂಟರ್ ಕೊಳ್ಳುವಾಗ ಮೊದಲು ಅದರ ಕಾರ್ಟ್ರಿಜ್ ಎಷ್ಟು ಪುಟ ಕೊಡುತ್ತದೆ ಎಂದು ಕೇಳಿ.

ಒಂದೇ ಪ್ರಿಂಟರ್‌ಗೆ ಎರಡು ಮೂರು ಅಳತೆ ಸಿಗುವುದೂ ಉಂಟು. ಪಿಜಿ-745 ಕುಟುಂಬದಲ್ಲೇ 'ಎಸ್' ಅಂದರೆ 100 ಪುಟ, ಮಾಮೂಲಿ 180, 'ಎಕ್ಸ್ಎಲ್' 300. ಕೈಯಲ್ಲಿ ದುಡ್ಡು ಕಮ್ಮಿ ಇದೆ ಅಂತ ಚಿಕ್ಕದನ್ನು ತರಬೇಡಿ. ಸಾಮಾನ್ಯವಾಗಿ ಪುಟದ ಲೆಕ್ಕದಲ್ಲಿ ಅದೇ ದುಬಾರಿ.

ಈ ಪುಟದ ಸಂಖ್ಯೆಗಳನ್ನು ಅಳೆಯಲು ಐಎಸ್‌ಒ 24711 ಎಂಬ ಮಾನದಂಡವಿದೆ. ಅದರ ಮಾದರಿ ಪುಟಗಳಲ್ಲಿ ಹೆಚ್ಚು ಜಾಗ ಬಿಳಿಯೇ ಇರುತ್ತದೆ. ಪುಟದ ತುಂಬಾ ಸೌರಮಂಡಲದ ಚಿತ್ರ ತೆಗೆದರೆ ಅಷ್ಟು ಪುಟ ಬರುವುದಿಲ್ಲ. ಇದರಲ್ಲಿ ಮೋಸವೇನಿಲ್ಲ, ಲೆಕ್ಕ ಹಾಕುವಾಗ ನೆನಪಿಟ್ಟುಕೊಳ್ಳಬೇಕು ಅಷ್ಟೆ.

ಬಣ್ಣದ ಕಾರ್ಟ್ರಿಜ್‌ನಲ್ಲಿ ನನಗೆ ಬೇಸರ ತರಿಸುವ ವಿಷಯ ಇನ್ನೊಂದಿದೆ. ನೀಲಿ, ಕೆಂಪು, ಹಳದಿ ಮೂರೂ ಒಂದೇ ಡಬ್ಬಿಯಲ್ಲಿರುತ್ತವೆ. ಹಳದಿ ಒಂದೇ ಮುಗಿದರೂ ಉಳಿದೆರಡರ ಸಮೇತ ಎಸೆಯಬೇಕು. ಸೂರ್ಯಕಾಂತಿ ಹೊಲದ ಚಿತ್ರ ಜಾಸ್ತಿ ತೆಗೆಯುವ ಮಗು ಮನೆಯಲ್ಲಿದ್ದರೆ ಇದು ನಷ್ಟವೇ.

ಲೋಕಲ್ ಅಥವಾ ಕಂಪ್ಯಾಟಿಬಲ್

ಅರ್ಧ ಬೆಲೆಗೆ ಸಿಗುವ ಈ ಕಾರ್ಟ್ರಿಜ್ ಎಲ್ಲಿಂದ ಬರುತ್ತದೆ? ಹೆಡ್ ಇರುವ ಕಾರ್ಟ್ರಿಜ್ ಅನ್ನು ಬೇರೆಯವರು ಹೊಸದಾಗಿ ಮಾಡುವುದು ಸುಲಭವಲ್ಲ. ಹಾಗಾಗಿ ಇವು ಸಾಮಾನ್ಯವಾಗಿ ಯಾರೋ ಬಳಸಿ ಬಿಟ್ಟ ಒರಿಜಿನಲ್ ಕಾರ್ಟ್ರಿಜ್‌ಗಳೇ. ತೊಳೆದು, ಇಂಕ್ ತುಂಬಿಸಿ, ಹೊಸ ಡಬ್ಬದಲ್ಲಿ ಇಟ್ಟಿರುತ್ತಾರೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಖಾಲಿ ಕಾರ್ಟ್ರಿಜ್‌ಗೂ ಬೆಲೆ ಇರುವುದು ಇದಕ್ಕೇ. ಅಂದರೆ ನೀವು ಕೊಳ್ಳುತ್ತಿರುವುದು ಬೇರೆಯವರ ಹಳೆಯ ಹೆಡ್. ಅದು ಎಷ್ಟು ಸಲ ತುಂಬಿದ್ದು ಅನ್ನುವುದು ನಿಮಗೆ ಕಾಣುವುದಿಲ್ಲ.

ಎರಡು ವರ್ಷದ ಹಿಂದೆ ನಾನೂ ಹೀಗೊಂದು ತಂದೆ. ಮಗಳ ವಿಜ್ಞಾನದ ಪ್ರಾಜೆಕ್ಟ್ ಮಾರನೆಯ ದಿನ ಕೊಡಬೇಕಿತ್ತು. ಮೊದಲ ಹದಿನೈದು ಪುಟ ಚೆನ್ನಾಗಿ ಬಂತು. ಆಮೇಲೆ ಅಡ್ಡಡ್ಡ ಬಿಳಿ ಗೆರೆ. ಬೆಳಗ್ಗೆ ಮುಚ್ಚಳ ತೆಗೆದರೆ ಕಾರ್ಟ್ರಿಜ್ ಕೂರುವ ಜಾಗದ ತುಂಬಾ ಇಂಕ್ ಸೋರಿತ್ತು. ಒರೆಸಿ ಒಣಗಿಸುವುದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಎಲ್ಲವೂ ಹೀಗೇ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ನಡೆದ ಲೋಕಲ್ ಕಾರ್ಟ್ರಿಜ್ಜೂ ನೋಡಿದ್ದೇನೆ. ಆದರೆ ಹೆಡ್ ಕಾರ್ಟ್ರಿಜ್‌ನಲ್ಲೇ ಇರುವ ಪ್ರಿಂಟರ್‌ಗಾದರೆ ಬೇರೆಯವರ ಹಳೆಯದಕ್ಕೆ 450 ಕೊಡುವುದಕ್ಕಿಂತ ನಿಮ್ಮದೇ ಹಳೆಯದನ್ನು 200ಕ್ಕೆ ತುಂಬಿಸುವುದು ಮೇಲು.

ಕಾರ್ಟ್ರಿಜ್ ಮೇಲಿನ ಚಿಪ್ ನೋಡಿ ಅದು ಯಾರದು ಅಂತ ಗುರುತಿಸುವ ಪ್ರಿಂಟರ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಅಲ್ಲಿಯವರೆಗೆ ಒಪ್ಪುತ್ತಿದ್ದ ಬೇರೆ ಕಂಪನಿಯ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ಬೇಡ ಅನ್ನತೊಡಗಿದವು. ಪ್ರಿಂಟರ್ ಒಳಗಿನ ಸಾಫ್ಟ್‌ವೇರ್ ಹಾಗೆ ಮಾಡುತ್ತಿತ್ತು. ಈಗಲೂ ಅಂಥ ತಡೆ ಇರುವ ಮಾಡೆಲ್‌ಗಳಿವೆ. ಕೊಳ್ಳುವ ಮೊದಲು ಪ್ರಿಂಟರ್ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ.

ರೀಫಿಲ್

ಅಂಗಡಿಯಲ್ಲಿ ಕಪ್ಪಿಗೆ ಸುಮಾರು 150ರಿಂದ 250 ರೂ. ತೆಗೆದುಕೊಳ್ಳುತ್ತಾರೆ. ನಾಲ್ಕೈದು ಸಲ ತುಂಬಿಸಬಹುದು. ಆಮೇಲೆ ಹೆಡ್ ಸವೆದು ಗೆರೆ ಬೀಳತೊಡಗುತ್ತದೆ. ಒಂದು ಒರಿಜಿನಲ್ 900 ರೂ., ಅದರ ಮೇಲೆ ನಾಲ್ಕು ರೀಫಿಲ್‌ಗೆ 800 ರೂ., ಒಟ್ಟು 1,700. ಐದು ಸಲ 180 ಪುಟ ಅಂದರೆ 900 ಪುಟ. ಪುಟಕ್ಕೆ 2 ರೂಪಾಯಿಯೊಳಗೇ ಮುಗಿಯಿತು. ಹೊಸದಾಗಿ ಏನನ್ನೂ ಕೊಳ್ಳದೆ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಿತು ನೋಡಿ.

ಆದರೆ ಸಮಯ ಮುಖ್ಯ. ಅಕ್ಷರ ಮಸುಕಾಗುತ್ತಿದ್ದಂತೆಯೇ ಒಯ್ಯಬೇಕು. ಖಾಲಿಯಾದ ಕಾರ್ಟ್ರಿಜ್ ಅನ್ನು ಡ್ರಾಯರ್‌ನಲ್ಲಿ ಎರಡು ತಿಂಗಳು ಇಟ್ಟು ಒಯ್ದರೆ ಹೆಡ್ ಒಣಗಿರುತ್ತದೆ. ಒಯ್ಯುವಾಗ ಹೆಡ್ಡಿಗೂ ತಾಮ್ರದ ಪಟ್ಟಿಗೂ ಬೆರಳು ತಾಗಿಸಬೇಡಿ.

ಮನೆಯಲ್ಲೇ ಸಿರಿಂಜ್‌ನಿಂದ ತುಂಬಿಸುವವರೂ ಇದ್ದಾರೆ. ಖರ್ಚು ಇನ್ನೂ ಕಮ್ಮಿ. ಮೇಲಿನ ಸ್ಟಿಕ್ಕರ್ ತೆಗೆದರೆ ಸಣ್ಣ ತೂತು ಕಾಣುತ್ತದೆ. ಒಳಗೆ ಸ್ಪಂಜ್ ಇದೆ. ಕಪ್ಪಿಗೆ 4-5 ಎಂಎಲ್, ಒಂದೊಂದು ಬಣ್ಣಕ್ಕೆ 2 ಎಂಎಲ್ ಸಾಕು. ನಿಧಾನವಾಗಿ ಬಿಡಬೇಕು. ಜಾಸ್ತಿ ಹಾಕಿದರೆ ಉಕ್ಕಿ ಬಣ್ಣಗಳು ಬೆರೆತುಹೋಗುತ್ತವೆ. ಬಣ್ಣದ್ದರಲ್ಲಿ ಯಾವ ತೂತು ಯಾವ ಬಣ್ಣದ್ದು ಅಂತ ಮೊದಲು ಟೂತ್‌ಪಿಕ್ ಇಳಿಸಿ ನೋಡಿಕೊಳ್ಳಿ. ಕಪ್ಪನ್ನು ಮನೆಯಲ್ಲಿ ತುಂಬಿಸಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಬಣ್ಣದ್ದನ್ನು ಅಂಗಡಿಗೇ ಬಿಡಿ.

ತುಂಬಿಸಿದ ಮೇಲೂ ಕಂಪ್ಯೂಟರ್ ಇಂಕ್ ಇಲ್ಲ ಅಂತ ತೋರಿಸಬಹುದು. ಹೆದರಬೇಡಿ. ಆ ಎಚ್ಚರಿಕೆ ಹಳೆಯ ಅಂದಾಜಿನದು. ಈ ಥರದ ಹೆಚ್ಚಿನ ಪ್ರಿಂಟರ್‌ಗಳಲ್ಲಿ ಸರಿ ಅಂತ ಒತ್ತಿ ಮುಂದುವರಿಯಬಹುದು.

ಟ್ಯಾಂಕ್ ಪ್ರಿಂಟರ್

ಎಪ್ಸನ್ ಇವನ್ನು ಮೊದಲು ತಂದದ್ದು 2010ರಲ್ಲಿ, ಇಂಡೋನೇಷ್ಯಾದಲ್ಲಿ. ಈಗ ಎಚ್‌ಪಿ, ಕ್ಯಾನನ್, ಬ್ರದರ್ ಎಲ್ಲರ ಬಳಿಯೂ ಇವೆ. ಇವುಗಳಲ್ಲಿ ಇಂಕ್ ಕಾರ್ಟ್ರಿಜ್ ಬದಲು ಪ್ರಿಂಟರಿನದೇ ಟ್ಯಾಂಕಿನಲ್ಲಿರುತ್ತದೆ, ಬಾಟಲಿಯಿಂದ ಸುರಿದರೆ ಆಯಿತು. ಎಪ್ಸನ್ ಎಲ್3210, ಎಲ್3250 ಬಳಸುವ 003 ಕಪ್ಪು ಬಾಟಲಿ 65 ಎಂಎಲ್‌ನದು. ಕಂಪನಿ ಹೇಳುವುದು 4,500 ಪುಟ. ಬಾಟಲಿಗೆ 400 ರೂ. ಅಂದರೂ ಪುಟಕ್ಕೆ 9 ಪೈಸೆ. ನಾಲ್ಕೂ ಬಣ್ಣ ಬೇರೆ ಬೇರೆ ಇರುವುದರಿಂದ ಮುಗಿದದ್ದನ್ನು ಮಾತ್ರ ತುಂಬಿಸಿದರೆ ಸಾಕು.

9 ಪೈಸೆ ಅಂದಾಗ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಪ್ರಿಂಟರ್‌ಗೆ ಸುಮಾರು 12,000 ರೂ. ಈಗಲೇ ಕೊಡಬೇಕು. ಅದು ಯಾವಾಗ ವಾಪಸ್ ಬರುತ್ತದೆ? ಪ್ರತಿ ಸಲ ಒರಿಜಿನಲ್ ಹಾಕುವವರಿಗೆ ಪುಟಕ್ಕೆ ಸುಮಾರು 4 ರೂ. 90 ಪೈಸೆ ಉಳಿಯುತ್ತದೆ. ಸುಮಾರು 2,450 ಪುಟಕ್ಕೆ ದುಡ್ಡು ತೀರುತ್ತದೆ. ತಿಂಗಳಿಗೆ 200 ಪುಟ ತೆಗೆಯುವ ಮನೆಗೆ ಒಂದು ವರ್ಷ ಸಾಕು. 40 ಪುಟದ ಮನೆಗೆ ಐದು ವರ್ಷ ಬೇಕು. ರೀಫಿಲ್ ಮಾಡಿಸುವವರ ಜೊತೆ ಹೋಲಿಸಿದರೆ ಉಳಿಯುವುದು ಪುಟಕ್ಕೆ 1 ರೂ. 80 ಪೈಸೆ. ಆಗ 200 ಪುಟದ ಮನೆಗೆ ಮೂರು ವರ್ಷದ ಹತ್ತಿರ. 40 ಪುಟದ ಮನೆಗೆ ಹದಿಮೂರು ಹದಿನಾಲ್ಕು ವರ್ಷ! ಅಲ್ಲಿಯವರೆಗೆ ಆ ಪ್ರಿಂಟರ್ ಇರುತ್ತದೆಯೇ?

ಕಮ್ಮಿ ಬಳಸುವವರಿಗೆ ಒಣಗುವ ಭಯವೂ ಇದೆ. ವಾರಕ್ಕೊಂದು ಬಣ್ಣದ ಪುಟವಾದರೂ ತೆಗೆಯಬೇಕು. ಕಟ್ಟಿಕೊಂಡಾಗ ಹೆಡ್ ಕ್ಲೀನಿಂಗ್ ಕೊಡುತ್ತೀರಿ, ಅದಕ್ಕೂ ಇಂಕ್ ಖರ್ಚಾಗುತ್ತದೆ. ಆ ಇಂಕ್ ಒಳಗಿನ ಒಂದು ಪ್ಯಾಡ್ ಸೇರುತ್ತದೆ. ಪ್ಯಾಡ್ ತುಂಬಿತು ಅಂದರೆ ಪ್ರಿಂಟರ್ ನಿಂತುಬಿಡುತ್ತದೆ, ಸರ್ವಿಸ್‌ಗೆ ಒಯ್ಯಬೇಕು.

ಎಪ್ಸನ್ 003ರ ಕಪ್ಪು ಡೈ ಇಂಕ್, ನೀರು ಬಿದ್ದರೆ ಹರಡುತ್ತದೆ. ಎಚ್‌ಪಿ ಮತ್ತು ಕ್ಯಾನನ್‌ನ ಮನೆಬಳಕೆಯ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಕಪ್ಪು ಸಾಮಾನ್ಯವಾಗಿ ಪಿಗ್ಮೆಂಟ್ ಇಂಕ್, ನೀರಿಗೆ ಹೆಚ್ಚು ತಡೆಯುತ್ತದೆ. ದಾಖಲೆ ಜಾಸ್ತಿ ತೆಗೆಯುವವರು ಇದನ್ನು ಕೇಳಿಯೇ ಕೊಳ್ಳಿ. ಇಬ್ಬರು ಮೂವರು ಮಕ್ಕಳಿರುವ ಮನೆ, ಟ್ಯೂಷನ್ ನಡೆಸುವವರು, ಮನೆಯಿಂದಲೇ ಸಣ್ಣ ವ್ಯಾಪಾರ ಮಾಡುವವರಿಗೆ ಮಾತ್ರ ನಾನು ಕಣ್ಣು ಮುಚ್ಚಿ ಹೇಳುವುದು ಟ್ಯಾಂಕ್ ಪ್ರಿಂಟರನ್ನೇ.

ಲೇಸರ್, ಮತ್ತು ಬೀದಿ ಕೊನೆಯ ಜೆರಾಕ್ಸ್ ಅಂಗಡಿ

ಬಣ್ಣ ಬೇಡ, ಪ್ರಿಂಟ್ ತೆಗೆಯುವುದು ಅಪರೂಪ, ಆದರೆ ತೆಗೆಯುವಾಗ ಮೂವತ್ತು ನಲವತ್ತು ಪುಟ ಒಟ್ಟಿಗೆ ಬೇಕು ಅನ್ನುವವರಿಗೆ ಕಪ್ಪು ಬಿಳುಪು ಲೇಸರ್ ಪ್ರಿಂಟರ್ ಒಳ್ಳೆಯದು. ವಕೀಲರ ಮನೆ, ಪಿಎಚ್‌ಡಿ ಮಾಡುವವರ ಮನೆ ಇಂಥವು. ಟೋನರ್ ಅಂದರೆ ಪುಡಿ. ಆರು ತಿಂಗಳು ಬಿಟ್ಟರೂ ಒಣಗುವುದಿಲ್ಲ, ನೀರಿಗೂ ಅಂಜುವುದಿಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ ವರ್ಷಗಟ್ಟಲೆ ಓಡಿದ ಎಚ್‌ಪಿ 1020, ಕ್ಯಾನನ್ 2900 ಈ ಜಾತಿಯವೇ. 1020ರ 12ಎ ಟೋನರ್‌ಗೆ 2,000 ಪುಟ. ರೀಫಿಲ್ ಮಾಡುವವರು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಒಂದು ಎಚ್ಚರಿಕೆ: ಲೇಸರ್ ಬಿಸಿಯಾಗುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ.

ಇನ್ನು ತಿಂಗಳಿಗೆ ಹತ್ತು ಹದಿನೈದು ಪುಟ ಸಾಕು ಅನ್ನುವವರು ಏನನ್ನೂ ಕೊಳ್ಳಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಪುಟಕ್ಕೆ 2ರಿಂದ 5 ರೂ., ಬಣ್ಣಕ್ಕೆ 10 ರೂ. ಆಸುಪಾಸು. ಆಧಾರ್, ಬ್ಯಾಂಕ್ ಕಾಗದವನ್ನು ಅಂಗಡಿಯ ವಾಟ್ಸಾಪ್‌ಗೆ ಕಳಿಸಿದರೆ ಪ್ರಿಂಟ್ ಆದ ಮೇಲೆ ನಿಂತು ಡಿಲೀಟ್ ಮಾಡಿಸಿ. ಆಧಾರ್‌ಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯೂ ಡೌನ್‌ಲೋಡ್ ಆಗುತ್ತದೆ. ಅದು ನಡೆಯುವ ಕಡೆ ಅದನ್ನೇ ಕೊಡಿ.

ತಂಗಿ ಏನು ಮಾಡಿದಳು

ಅವಳ ರೀಮ್ ಜೂನ್‌ನಲ್ಲಿ ಶಾಲೆ ಶುರುವಾದಾಗ ತಂದದ್ದು. ವರ್ಷ ತುಂಬುತ್ತಾ ಬಂದರೂ ಇನ್ನೂ ಸ್ವಲ್ಪ ಉಳಿದಿತ್ತು. ಅಂದರೆ ತಿಂಗಳಿಗೆ 40 ಪುಟ, ಹೆಚ್ಚಿನದು ಅಕ್ಷರ. ಅವಳದು ಎರಡು ಕಾರ್ಟ್ರಿಜ್‌ನ ಪ್ರಿಂಟರ್, ಎರಡು ವರ್ಷ ಹಳೆಯದು, ಚೆನ್ನಾಗಿದೆ. ಕಪ್ಪನ್ನು ರೀಫಿಲ್ ಮಾಡಿಸು, ಬಣ್ಣ ಮುಗಿದಾಗ ಹೊಸದು ತರಬೇಡ, ಪ್ರಾಜೆಕ್ಟ್ ಚಿತ್ರವನ್ನು ಅಂಗಡಿಯಲ್ಲೇ ತೆಗೆಸು ಅಂದೆ. ಬಣ್ಣದ ಕಾರ್ಟ್ರಿಜ್ ಖಾಲಿಯಿದ್ದರೂ ಕಪ್ಪು ಒಂದರಲ್ಲೇ ಪ್ರಿಂಟ್ ತೆಗೆಯಬಹುದು. ಕ್ಯಾನನ್‌ನಲ್ಲಿ ಸೆಟ್ಟಿಂಗ್‌ನಲ್ಲಿ ಕಪ್ಪು ಮಾತ್ರ ಅಂತ ಆರಿಸಬೇಕು, ಆದರೆ ಖಾಲಿ ಕಾರ್ಟ್ರಿಜ್ ಅಲ್ಲೇ ಇರಲಿ. ಎಚ್‌ಪಿಯ ಎರಡು ಕಾರ್ಟ್ರಿಜ್‌ನ ಪ್ರಿಂಟರ್‌ಗಳಲ್ಲಿ ಒಂದನ್ನು ಹೊರತೆಗೆದರೆ ಇನ್ನೊಂದರಲ್ಲೇ ನಡೆಯುತ್ತದೆ.

ಹಾಕುವಾಗ, ಹಾಕಿದ ಮೇಲೆ

ಮೊದಲು ನಿಜವಾಗಿ ಮುಗಿದಿದೆಯೇ ನೋಡಿ. ಎಷ್ಟೋ ಸಲ ಒಣಗಿರುತ್ತದೆ ಅಷ್ಟೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟಿಶ್ಯೂ ಮೇಲೆ ಕಾರ್ಟ್ರಿಜ್‌ನ ಹೆಡ್ ಎರಡು ನಿಮಿಷ ಇಡಿ. ಟಿಶ್ಯೂ ಮೇಲೆ ಬಣ್ಣ ಇಳಿದರೆ ಜೀವ ಇದೆ ಅಂತ.

ಬದಲಿಸುವಾಗ ಪ್ರಿಂಟರ್ ಆನ್ ಇರಬೇಕು. ಮುಚ್ಚಳ ತೆಗೆದು, ಕಾರ್ಟ್ರಿಜ್ ತಾನಾಗಿ ಹೊರಗೆ ಬಂದು ನಿಲ್ಲುವವರೆಗೆ ಕಾಯಿರಿ, ಕೈಯಲ್ಲಿ ಎಳೆಯಬೇಡಿ. ಹೊಸದರ ಹೆಡ್ ಮೇಲಿನ ಟೇಪ್ ಮರೆಯದೆ ಕೀಳಿ. ಟಕ್ ಅನ್ನುವವರೆಗೆ ಒತ್ತಿ. ಆಮೇಲೆ ಬರುವ ಅಲೈನ್‌ಮೆಂಟ್ ಪುಟವನ್ನು ದಂಡ ಅಂತ ಬಿಡಬೇಡಿ, ಹೇಳಿದಂತೆ ಸ್ಕ್ಯಾನ್ ಮಾಡಿ. ಅಕ್ಷರದ ಅಂಚು ನೇರ ಬರುವುದು ಅದರಿಂದ.

ಯಾವುದೇ ಇಂಕ್ ಪ್ರಿಂಟರ್ ಇರಲಿ, ಅದರ ಬಟನ್‌ನಲ್ಲೇ ಆಫ್ ಮಾಡಿ. ಆಗ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಎಲ್ಲಿದೆಯೋ ಅಲ್ಲೇ ತೆರೆದುಕೊಂಡು ಒಣಗುತ್ತದೆ. ಪ್ರಿಂಟ್ ಮಧ್ಯೆ ಕರೆಂಟ್ ಹೋದರೆ ಬಂದ ಮೇಲೆ ಒಮ್ಮೆ ಆನ್ ಮಾಡಿ, ಬಟನ್‌ನಿಂದಲೇ ಆಫ್ ಮಾಡಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹಾಳೆಯನ್ನು ಟ್ರೇಯಲ್ಲೇ ಬಿಡಬೇಡಿ. ತೇವ ಹಿಡಿದು ಸಿಕ್ಕಿಕೊಳ್ಳುತ್ತದೆ, ಇಂಕೂ ಹರಡುತ್ತದೆ.

ಇನ್ನು ತುಂಬಿಸಲಾಗದ ಹಳೆಯ ಕಾರ್ಟ್ರಿಜ್ ಕಸದ ಬುಟ್ಟಿಗೆ ಹೋಗಬಾರದು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಲ್ಲಿ ಪ್ರಿಂಟರ್ ಜೊತೆಗೆ ಕಾರ್ಟ್ರಿಜ್ ಕೂಡ ಸೇರಿದೆ. ಟಿಶ್ಯೂನಲ್ಲಿ ಸುತ್ತಿ ಒಂದು ಕವರ್‌ನಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವ ದಿನ ಕೊಡಿ, ಇಲ್ಲವೇ ರೀಫಿಲ್ ಅಂಗಡಿಯವರನ್ನೇ ಕೇಳಿ. ಎಷ್ಟೋ ಕಡೆ ಅವರೇ ತೆಗೆದುಕೊಳ್ಳುತ್ತಾರೆ.